ಬಂದ ನೀರು ಹೋಗಲಿ

ಮಳೆಗಾಲಕ್ಕೆ ಶೂ ಹುಡುಕಲು ಹೊರಟವರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಒಳಗೆ ನೀರು ಹೋಗುತ್ತಾ? ರಸ್ತೆಯಲ್ಲಿ ನಡೆದಾಡುವವರಿಗೆ ಅದು ಸರಿಯಾದ ಪ್ರಶ್ನೆಯೇ. ಮೌಂಟನ್ ಬೈಕಿನಲ್ಲಿ ಫ್ಲಾಟ್ ಪೆಡಲ್, ಅಂದರೆ ಶೂವನ್ನು ಕೊಂಡಿಯಿಂದ ಹಿಡಿಯದ ಚಪ್ಪಟೆ ಪೆಡಲ್ ತುಳಿಯುವವರಿಗೆ ಮಾತ್ರ ಅದು ಮೂರನೆಯ ಪ್ರಶ್ನೆಯಾಗಬೇಕು. ಕಾಲು ಒದ್ದೆಯಾದರೆ ಕಿರಿಕಿರಿ, ಹೆಚ್ಚೆಂದರೆ ಚಳಿ. ಬೇರು ತುಂಬಿದ ಇಳಿಜಾರಿನ ನಡುವೆ ಪಾದ ಪೆಡಲಿನಿಂದ ಜಾರಿದರೆ ತಿರುಗಿ ಬರುವ ಪಿನ್ನುಗಳು, ಪೆಡಲಿನ ಮೈಮೇಲೆ ಎದ್ದಿರುವ ಆ ಚಿಕ್ಕ ಮುಳ್ಳುಗಳು, ಮೊಣಕಾಲ ಕೆಳಗಿನ ಮೂಳೆಯನ್ನೇ ಹುಡುಕಿಕೊಂಡು ಬರುತ್ತವೆ. ಆದ್ದರಿಂದ ಮೊದಲ ಪ್ರಶ್ನೆ, ಒದ್ದೆಯಲ್ಲೂ ಅಡಿಭಾಗ ಪಿನ್ನನ್ನು ಬಿಡದೆ ಹಿಡಿಯುತ್ತದೆಯೇ? ಎರಡನೆಯದು, ಒಳಗೆ ಬಂದ ನೀರು ಹೇಗೆ, ಎಷ್ಟು ಬೇಗ ಹೊರಗೆ ಹೋಗುತ್ತದೆ? ಬರುವ ನೀರನ್ನು ತಡೆಯುವ ಮಾತು ಆಮೇಲೆ.

ಕಾಲನ್ನು ಪೆಡಲಿಗೆ ಕಚ್ಚಿಸಿ ಕೂರಿಸುವ ಪದ್ಧತಿಗೆ ‘ಕ್ಲಿಪ್‌ಲೆಸ್’ ಎಂಬ ತಲೆಕೆಳಗಾದ ಹೆಸರಿದೆ. ಹಳೆಯ ಕಾಲದ ಟೋ ಕ್ಲಿಪ್ ಪಂಜರ ಇಲ್ಲದ್ದು ಎಂಬುದಷ್ಟೇ ಅದರ ಅರ್ಥ. ಅದರಲ್ಲಿ ಪಾದವನ್ನು ಹಿಡಿದಿಡುವುದು ಒಂದು ಸ್ಪ್ರಿಂಗು. ಫ್ಲಾಟ್ ಪೆಡಲಿನಲ್ಲಿ ಅಂಥ ಯಾವ ಕೊಂಡಿಯೂ ಇಲ್ಲ. ಸವಾರನ ಭಾರ, ಪಾದ ಇಟ್ಟ ಕೋನ, ಲೋಹದ ಪಿನ್ನು, ರಬ್ಬರು, ಇಷ್ಟರ ಮೇಲೇ ಎಲ್ಲ ನಿಂತಿದೆ. ಹಾಗಿದ್ದರೆ ಒದ್ದೆಯಲ್ಲಿ ಇದನ್ನು ನಂಬುವುದೇ ತಪ್ಪೇ? ಅಲ್ಲ. ಜಿಗುಟು ಕೆಸರಿನಲ್ಲಿ ಕ್ಲೀಟಿಗೆ, ಅಂದರೆ ಶೂವಿನ ಅಡಿಯಲ್ಲಿ ಪೆಡಲಿಗೆ ಕಚ್ಚುವ ತುಂಡಿಗೆ, ಮಣ್ಣು ಮೆತ್ತಿ ಕಚ್ಚಿಕೊಳ್ಳದೆ ಪರದಾಡಿಸುವಾಗ, ಫ್ಲಾಟ್ ಪೆಡಲಿನವರು ಕಾಲು ಊರಿ ಮತ್ತೆ ಇಟ್ಟು ಮುಂದೆ ಹೋಗಿರುತ್ತಾರೆ. ಆಸ್ಟ್ರೇಲಿಯದ ಮೌಂಟನ್ ಬೈಕ್ ಸ್ಪರ್ಧಿ ಸ್ಯಾಮ್ ಹಿಲ್ 2007ರಲ್ಲಿ ಸ್ವಿಟ್ಜರ್ಲೆಂಡಿನ ಶಾಂಪೆರಿಯ ಡೌನ್‌ಹಿಲ್ ವಿಶ್ವಕಪ್ಪಿನಲ್ಲಿ ಜಡಿಮಳೆಗೆ ಕೊಚ್ಚೆಯಾಗಿದ್ದ ಕಡಿದಾದ ಇಳಿಜಾರನ್ನು ಫ್ಲಾಟ್ ಪೆಡಲಿನ ಮೇಲೇ ಇಳಿದು, ನಡುವೆ ಒಮ್ಮೆ ಬಿದ್ದೂ ಮೂರನೆಯ ಸ್ಥಾನ ಪಡೆದ. ಆ ಇಳಿತದ ಮಾತು ಇವತ್ತಿಗೂ ನಿಂತಿಲ್ಲ. ಮುಂದೆ 2017, 2018, 2019ರ ಎಂಡ್ಯೂರೋ ವರ್ಲ್ಡ್ ಸೀರೀಸ್ ಪಟ್ಟಗಳನ್ನು ಗೆದ್ದದ್ದೂ ಫ್ಲಾಟ್ ಪೆಡಲಿನಲ್ಲೇ. ಅವನ ಕಾಲಿನ ಚಳಕ ಎಲ್ಲರಿಗೂ ಬರುವುದಿಲ್ಲ, ನಿಜ. ಆದರೆ ಒದ್ದೆ ಎಂದಾಕ್ಷಣ ಫ್ಲಾಟ್ ಪೆಡಲನ್ನು ಪಕ್ಕಕ್ಕಿಡಬೇಕಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಶೂವಿನ ಅಡಿಭಾಗ. ಎಲ್ಲರೂ ಅದನ್ನು ಸೋಲ್ ಎನ್ನುತ್ತಾರೆ. ಜಾರಿ ಬೀಳುವ ವಿಷಯ ಮಾತಾಡುವಾಗ ಕನ್ನಡದ ಕಿವಿಗೆ ಆ ಪದ ಅಪಶಕುನದಂತೆ ಕೇಳುತ್ತದೆ. ನಮ್ಮಲ್ಲಿ ‘ಅಟ್ಟೆ’ ಎಂಬ ಒಳ್ಳೆಯ ಪದವೇ ಇದೆ, ಅದನ್ನೇ ಬಳಸುತ್ತೇನೆ.

ಅಟ್ಟೆಯ ರಬ್ಬರು ಪೆಡಲನ್ನು ಎರಡು ಬಗೆಯಲ್ಲಿ ಹಿಡಿಯುತ್ತದೆ. ಒಂದು ಅಂಟುವ ಹಿಡಿತ. ರಬ್ಬರೂ ಲೋಹವೂ ನೇರವಾಗಿ ತಾಗಿದಾಗ ಮೇಲ್ಮೈಗಳ ನಡುವೆ ಹುಟ್ಟುವಂಥದ್ದು. ಇನ್ನೊಂದು ಕಚ್ಚುವ ಹಿಡಿತ. ಪಿನ್ನಿನ ತುದಿ ರಬ್ಬರಿನಲ್ಲಿ ಕುಳಿ ಮಾಡಿಕೊಂಡು ಕೂರುತ್ತದೆ. ಪಾದ ಸರಿಯಬೇಕಾದರೆ ಆ ಕುಳಿಯೂ ಜೊತೆಗೆ ಸರಿಯಬೇಕು, ರಬ್ಬರು ಅದಕ್ಕೆ ಒಗ್ಗದೆ ಎದುರು ನಿಲ್ಲುತ್ತದೆ. ನೀರಿನ ತೆಳುಪದರ ಮೊದಲನೆಯದನ್ನು ನುಂಗಿಹಾಕುತ್ತದೆ. ನೀರಿನ ಜೊತೆ ನುಣುಪು ಜೇಡಿ ಸೇರಿದರೆ ಕೇಳುವುದೇ ಬೇಡ. ಒದ್ದೆಯಲ್ಲಿ ಕೈಹಿಡಿಯುವುದು ಎರಡನೆಯದು ಮಾತ್ರ. ಒಣ ದಿನದಲ್ಲಿ ಎರಡು ಶೂಗಳು ಒಂದೇ ಸಮ ಅನ್ನಿಸಿ, ಮಳೆ ಬಂದ ದಿನ ಒಂದು ಕೈಕೊಡುವುದು ಇದರಿಂದಲೇ. ಅಂಟುವ ಹಿಡಿತದ ಮೇಲೆ ಬದುಕಿದ್ದ ಶೂ ಅದು.

ಸಣ್ಣ ಲೆಕ್ಕ ಹಾಕಿದರೆ ಪಿನ್ನಿನ ಮಹತ್ವ ಕಣ್ಣಿಗೆ ಕಟ್ಟುತ್ತದೆ. 70 ಕಿಲೋ ತೂಗುವ ಸವಾರ ಎರಡೂ ಪೆಡಲಿನ ಮೇಲೆ ಸಮವಾಗಿ ನಿಂತಿದ್ದಾನೆ, ಪ್ರತಿ ಪೆಡಲಿನಲ್ಲಿ 8 ಪಿನ್ನು ಅಟ್ಟೆಗೆ ತಾಗುತ್ತಿವೆ ಎಂದುಕೊಳ್ಳಿ. ಒಂದು ಪಿನ್ನಿನ ಪಾಲಿಗೆ ಸುಮಾರು 4.4 ಕಿಲೋ. 4 ಮಿಲಿಮೀಟರ್ ದಪ್ಪದ ಪಿನ್ನಿನ ತುದಿಯ ವಿಸ್ತಾರ ಹೆಚ್ಚುಕಡಿಮೆ 12.5 ಚದರ ಮಿಲಿಮೀಟರ್. ಅಂದರೆ ಚದರ ಸೆಂಟಿಮೀಟರಿಗೆ 35 ಕಿಲೋ ಒತ್ತಡ. ಅದೇ ಭಾರವನ್ನು ಪಿನ್ನಿಲ್ಲದ, 10 ಸೆಂಟಿಮೀಟರ್ ಚೌಕದ ನುಣುಪು ಪೆಡಲಿನ ಮೇಲೆ ಹರಡಿದರೆ ಸಿಗುವುದು ಚದರ ಸೆಂಟಿಮೀಟರಿಗೆ 0.35 ಕಿಲೋ. ನೂರು ಪಟ್ಟು ವ್ಯತ್ಯಾಸ. ನೀರಿನ ಪದರವನ್ನು ಹಿಂಡಿ ಬದಿಗೆ ತಳ್ಳುವುದು ಈ ಒತ್ತಡವೇ. ನಿಜದಲ್ಲಿ ಪೆಡಲಿನ ಮೈಯೂ ಒಂದಿಷ್ಟು ಭಾರ ಹೊರುತ್ತದೆ. ಪಿನ್ನು ಗಿಡ್ಡವಾದಷ್ಟೂ ಆ ಪಾಲು ಹೆಚ್ಚು, ಹಿಡಿತ ಕಡಿಮೆ.

ಹಾಗಾಗಿ ಪೆಡಲನ್ನು ಬಿಟ್ಟು ಶೂ ಮಾತ್ರ ಆರಿಸುತ್ತೇನೆ ಎಂದರೆ ಅದು ಬೀಗ ನೋಡದೆ ಕೀಲಿಕೈ ಕೊಂಡಂತೆ. ‘ಶೂ ಜಾರುತ್ತದೆ’ ಎಂಬ ದೂರಿನಲ್ಲಿ ಬಹುಪಾಲು ಪಿನ್ನಿನದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸ ಶೂವಿಗೆ ಹಣ ಹಾಕುವ ಮೊದಲು ಪೆಡಲನ್ನು ಬೆಳಕಿಗೆ ಹಿಡಿದು ನೋಡಿ. ಪಿನ್ನಿನ ತುದಿಯ ಅಂಚು ಚೂಪಾಗಿದೆಯೇ, ಬಂಡೆಗೆ ಉಜ್ಜಿ ಗುಂಡಗಾಗಿದೆಯೇ? ಎಷ್ಟು ಬಾಗಿವೆ, ಎಷ್ಟು ಬಿದ್ದುಹೋಗಿವೆ? ಒದ್ದೆಗೆ ಪೆಡಲಿನ ಮೈಯಿಂದ 4ರಿಂದ 5 ಮಿಲಿಮೀಟರ್ ಎದ್ದಿರುವ ಪಿನ್ನು ಬೇಕು. 3ಕ್ಕಿಂತ ಕಡಿಮೆಯಾದರೆ ಕೆಸರು ತುಂಬಿದ ದಿನ ಅವು ಇದ್ದೂ ಇಲ್ಲದಂತೆ. ಎಷ್ಟೋ ಪೆಡಲುಗಳಲ್ಲಿ ಪಿನ್ನಿನ ಕೊರಳಿಗೆ ತೆಳ್ಳನೆಯ ವಾಷರ್ ಇರುತ್ತದೆ, ಕೆಳಗಿನಿಂದ ಕೂರಿಸುವ ಪಿನ್ನಾದರೆ ಅದನ್ನು ತೆಗೆದಾಗ ಪಿನ್ನು ಅಷ್ಟು ಎತ್ತರವಾಗುತ್ತದೆ. ಅಚ್ಚಿನಲ್ಲೇ ಮೂಡಿದ ಪ್ಲಾಸ್ಟಿಕ್ ಮುಳ್ಳುಗಳ ಪೆಡಲಾದರೆ ಜಗತ್ತಿನ ಯಾವ ಶೂವೂ ಮಳೆಯಲ್ಲಿ ಅದನ್ನು ಕಾಪಾಡಲಾರದು. ಮೈ ನೈಲಾನಿನದಾದರೂ ಅಡ್ಡಿಯಿಲ್ಲ, ಮುಳ್ಳು ಉಕ್ಕಿನದಿರಲಿ.

ಪಿನ್ನು ಬದಲಿಸುವಾಗ ಒಂದು ಎಚ್ಚರಿಕೆ. ತಲೆಯ ಷಟ್ಕೋನ ಗುಳಿಯಲ್ಲಿ ಒಣಗಿದ ಮಣ್ಣಿದ್ದರೆ ಅಲೆನ್ ಕೀಲಿ ಪೂರ್ತಿ ಇಳಿಯುವುದಿಲ್ಲ. ಹಾಗೇ ತಿರುಗಿಸಿದರೆ ಗುಳಿಯ ಮೂಲೆಗಳು ಸವೆದು ಪಿನ್ನು ಅಲ್ಲೇ ಶಾಶ್ವತವಾಗಿ ಉಳಿಯುತ್ತದೆ. ಸೂಜಿಯಿಂದ ಮಣ್ಣು ಕೆದಕಿ, ಕೀಲಿಯನ್ನು ತಳಮುಟ್ಟ ಕೂರಿಸಿ, ಆಮೇಲೆ ತಿರುಗಿಸಿ. ಹೊಸ ಪಿನ್ನಿನ ತಿರುಪಿನ ಸುತ್ತುಗಳಿಗೆ ಥ್ರೆಡ್‌ಲಾಕರ್, ಅಂದರೆ ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು, ಮಧ್ಯಮ ಬಲದ ನೀಲಿ ಬಣ್ಣದ್ದು ಒಂದು ಹನಿ ಸಾಕು. ಕೆಳಗಿನಿಂದ ಕೂರಿಸುವ ಪಿನ್ನುಗಳ ಪೆಡಲಾದರೆ ಒಳ್ಳೆಯದು: ಮೇಲ್ತುದಿ ಚಪ್ಪಟೆಯಾದರೂ ಗುಳಿ ಇನ್ನೊಂದು ಬದಿಯಲ್ಲಿ ಸುರಕ್ಷಿತ.

ಮರಳಿ ರಬ್ಬರಿಗೆ. ಒದ್ದೆಗೆ ಮೆದು ರಬ್ಬರು ಬೇಕು ಎಂಬುದು ಅರ್ಧ ಸತ್ಯ. ಗಡಸುತನವನ್ನು ಶೋರ್ ಎ ಎಂಬ ಮಾಪಕದಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ರಬ್ಬರು ಮೆದು. ಕಾರಿನ ಟೈರಿನ ಮೈ ಸುಮಾರು 60ರಿಂದ 70ರ ನಡುವೆ ಬರುತ್ತದೆ. ಆದರೆ ಆ ಅಂಕಿ ಹೇಳುವುದು ಪಿನ್ನು ಎಷ್ಟು ಆಳ ಇಳಿಯುತ್ತದೆ ಎಂಬುದನ್ನು ಮಾತ್ರ. ಇಳಿದ ಮೇಲೆ ರಬ್ಬರು ಎಷ್ಟು ಬೇಗ ಹಿಂದಕ್ಕೆ ಚಿಮ್ಮುತ್ತದೆ ಎಂಬುದು ಇನ್ನೊಂದು ಗುಣ, ಕಲ್ಲುಬೇರಿನ ದಾರಿಯಲ್ಲಿ ಅದೇ ಹೆಚ್ಚು ಮುಖ್ಯ. ಬೇಗ ಚಿಮ್ಮುವ ರಬ್ಬರು ಪ್ರತಿ ಕುಲುಕಿಗೂ ಪಾದವನ್ನು ಮೇಲಕ್ಕೆ ಎತ್ತಿಹಾಕುತ್ತದೆ. ನಿಧಾನ ಚಿಮ್ಮುವ ರಬ್ಬರು ಕುಲುಕನ್ನು ಹೀರಿಕೊಂಡು ಪಿನ್ನನ್ನು ಅಪ್ಪಿಕೊಂಡೇ ಇರುತ್ತದೆ. ಪರೀಕ್ಷೆಗೆ ಯಂತ್ರ ಬೇಡ, ಹೆಬ್ಬೆರಳಿನ ಉಗುರು ಸಾಕು. ಅಟ್ಟೆಗೆ ಉಗುರು ಒತ್ತಿ ಬಿಡಿ. ಗುರುತು ತಕ್ಷಣ ಮಾಯವಾದರೆ ಅದು ಚುರುಕು ರಬ್ಬರು. ಒಂದೆರಡು ಕ್ಷಣ ನಿಂತು ಮೆಲ್ಲಗೆ ತುಂಬಿಕೊಂಡರೆ ನಿಮಗೆ ಬೇಕಾದದ್ದು ಅದೇ. ಉಗುರೇ ಇಳಿಯದಿದ್ದರೆ ಆ ಶೂವನ್ನು ನಡೆಯುವವರಿಗೆ ಬಿಡಿ.

ಈ ಬಗೆಯ ರಬ್ಬರು ಸೈಕಲಿಗೆ ಬಂದದ್ದು ಬಂಡೆ ಹತ್ತುವವರ ಕಾಲಿನಿಂದ. ಅಮೆರಿಕದ ಚಾರ್ಲ್ಸ್ ಕೋಲ್ 1985ರಲ್ಲಿ ಶುರುಮಾಡಿದ ಫೈವ್ ಟೆನ್ ಕಂಪನಿ ಬಂಡೆಯ ಮೇಲೆ ನಿಲ್ಲಲೆಂದು ಸ್ಟೆಲ್ತ್ ಎಂಬ ರಬ್ಬರು ಮಾಡಿತು. ಅದೇ ರಬ್ಬರು ಮುಂದೆ ಫ್ಲಾಟ್ ಪೆಡಲಿನವರ ಅಳತೆಗೋಲಾಯಿತು. 2011ರಲ್ಲಿ ಅಡಿಡಾಸ್ ಆ ಕಂಪನಿಯನ್ನು ಕೊಂಡಿತು. ಈಗ ಸ್ಪೆಷಲೈಜ್ಡ್‌ನ ಸ್ಲಿಪ್‌ನಾಟ್, ಶಿಮಾನೊದ ಅಲ್ಟ್ರೆಡ್, ವೈಬ್ರಮ್‌ನ ಮೆಗಾಗ್ರಿಪ್ ಹೀಗೆ ಹತ್ತಾರು ಹೆಸರುಗಳಿವೆ. ಹೆಸರಿಗೆ ಮರುಳಾಗಬೇಡಿ. ಒಂದೇ ಹೆಸರಿನಡಿ ಗಡಸು, ಮೆದು ಎಂದು ಬೇರೆಬೇರೆ ಮಿಶ್ರಣಗಳಿರುತ್ತವೆ. ಒಂದೇ ಮಾದರಿಯ ಸಾಧಾರಣ ಶೂವಿಗೂ ಅದರ ಜಲನಿರೋಧಕ ಆವೃತ್ತಿಗೂ ಅಟ್ಟೆ ಬೇರೆಯಿರಬಹುದು. ಎರಡನ್ನೂ ತಿರುಗಿಸಿ ನೋಡಿ, ಉಗುರು ಒತ್ತಿ ನೋಡಿ.

ಚಳಿಯ ವಿಷಯವನ್ನು ಬಹಳ ಜನ ಮರೆಯುತ್ತಾರೆ. ತಾಪ ಇಳಿದಂತೆ ರಬ್ಬರು ಬಿರುಸಾಗುತ್ತದೆ. ಕೋಣೆಯ ಬೆಚ್ಚನೆಯಲ್ಲಿ ಬೆಣ್ಣೆಯಂತಿದ್ದ ಅಟ್ಟೆ 5 ಡಿಗ್ರಿಯ ಕೊಚ್ಚೆಯಲ್ಲಿ ಬೇರೆಯದೇ ಶೂವಿನಂತೆ ವರ್ತಿಸಬಹುದು. ಹಾಗಾಗಿ ಚಳಿಮಳೆಯಲ್ಲಿ ಓಡಿಸುವವರು ಉಗುರಿನ ಪರೀಕ್ಷೆಯನ್ನು ತಣ್ಣಗಿನ ಶೂವಿನ ಮೇಲೆ ಮಾಡಬೇಕು. ಅರ್ಧ ಗಂಟೆ ಅದನ್ನು ಫ್ರಿಜ್ಜಿನಲ್ಲಿಟ್ಟರೂ ತಪ್ಪಿಲ್ಲ, ಮನೆಯವರಿಗೆ ಮೊದಲೇ ಹೇಳಿರಿ.

ಇನ್ನು ಅಟ್ಟೆಯ ಮೇಲಿನ ಚಿತ್ತಾರ. ಕೆಸರಿಗೆ ಆಳವಾದ ಗೀರುಗಳು ಬೇಕು, ಟೈರಿನಂತೆ, ಎಂದು ಮನಸ್ಸು ಹೇಳುತ್ತದೆ. ಪೆಡಲಿನ ಮೇಲೆ ಈ ತರ್ಕ ನಡೆಯುವುದಿಲ್ಲ. ಚಾರಣದ ಬೂಟಿನ ದಪ್ಪ ಗುಬುಟುಗಳು ಪಿನ್ನಿನ ಮೇಲೆ ಕೂತಾಗ ಎರಡರಲ್ಲಿ ಒಂದಾಗುತ್ತದೆ. ನಾಲ್ಕೈದು ಗುಬುಟು ಮಾತ್ರ ಪಿನ್ನಿಗೆ ತಾಗಿ ಉಳಿದ ಪಿನ್ನುಗಳು ಗಾಳಿಯಲ್ಲಿ ನಿಲ್ಲುತ್ತವೆ. ಇಲ್ಲವೇ ಪಿನ್ನು ಎರಡು ಗುಬುಟುಗಳ ನಡುವಿನ ಕಂದಕಕ್ಕೆ ಬಿದ್ದು, ಆ ಕಂದಕದುದ್ದಕ್ಕೂ ಪಾದ ಸಲೀಸಾಗಿ ಜಾರುತ್ತದೆ. ಮಣ್ಣು ತುಂಬಿಕೊಂಡರಂತೂ ಪಿನ್ನು ಕಚ್ಚುವುದು ರಬ್ಬರನ್ನಲ್ಲ, ಮಣ್ಣನ್ನು. ಪೆಡಲಿಗೆ ತಾಗುವ ಜಾಗದಲ್ಲಿ ಬೇಕಾದದ್ದು 2–3 ಮಿಲಿಮೀಟರ್ ಆಳದ, ಒತ್ತೊತ್ತಾದ ಚಿಕ್ಕ ಚುಕ್ಕಿಗಳೋ ಜೇನುಗೂಡಿನ ಕಣ್ಣುಗಳೋ. ಪಿನ್ನು ಎಲ್ಲಿ ಬಿದ್ದರೂ ಸುತ್ತ ರಬ್ಬರು ಸಿಗಬೇಕು, ಹಿಂಡಿದ ನೀರು ಓಡಲು ಸಂದಿಗಳೂ ಇರಬೇಕು. ಚಿತ್ತಾರವೇ ಇಲ್ಲದ ನುಣುಪು ಅಟ್ಟೆ ಒಣ ದಿನ ಚೆನ್ನಾಗಿ ಹಿಡಿದರೂ ನೀರಿಗೆ ಅಲ್ಲಿ ದಾರಿಯಿಲ್ಲ.

ನಿಮ್ಮ ಪೆಡಲಿಗೆ ನಿಮ್ಮ ಅಟ್ಟೆ ಒಗ್ಗುತ್ತದೆಯೇ ಎಂದು ತಿಳಿಯಲು ಸುಲಭ ಉಪಾಯವಿದೆ. ಪಿನ್ನುಗಳ ತುದಿಗೆ ಸೀಮೆಸುಣ್ಣ ಸವರಿ. ಬೈಕನ್ನು ಗೋಡೆಗೆ ಒರಗಿಸಿ, ಎರಡೂ ಪೆಡಲನ್ನು ಸಮತಟ್ಟಾಗಿಟ್ಟು, ಶೂ ಹಾಕಿಕೊಂಡು ಎದ್ದು ನಿಲ್ಲಿ. ಪಾದವನ್ನು ಕದಲಿಸದೆ ಎತ್ತಿ ಅಟ್ಟೆ ನೋಡಿ. ಒಂದು ಬದಿಗೆ 10 ಪಿನ್ನಿದ್ದರೆ 7 ಅಥವಾ 8 ಗುರುತಾದರೂ ಸ್ಪಷ್ಟವಾಗಿ ಮೂಡಿರಬೇಕು. ಅಂಚಿನವು ಮಾತ್ರ ಮೂಡಿ ನಡುವಿನವು ಮೂಡದಿದ್ದರೆ ಪೆಡಲಿನ ನಡು ತಗ್ಗಾಗಿದೆ, ಅಟ್ಟೆ ಅಷ್ಟು ಬಾಗುತ್ತಿಲ್ಲ ಎಂದರ್ಥ. ನಡುವಿನ ಪಿನ್ನಿಗೆ ಉದ್ದದ್ದು ಹಾಕಿದರೆ ಸರಿಹೋಗಬಹುದು. ಅರ್ಧಕ್ಕಿಂತ ಕಡಿಮೆ ಮೂಡಿದ್ದರೆ ಆ ಜೋಡಿ ಕೂಡಿಬರಲಿಲ್ಲ.

ಬಾಗುವ ಮಾತು ಬಂದದ್ದಕ್ಕೆ ಇದೂ ಸೇರಲಿ. ಅಟ್ಟೆ ಹಲಗೆಯಂತೆ ಬಿರುಸಾದರೆ ಪಾದಕ್ಕೆ ಪೆಡಲು ತಿಳಿಯುವುದಿಲ್ಲ, ಜಾರಿದ ಮೇಲೇ ಸುದ್ದಿ. ತೀರ ಮೆದುವಾದರೆ ಪಾದ ಪೆಡಲನ್ನು ಸುತ್ತಿಕೊಂಡು ಅಂಗಾಲಿನ ಕಮಾನು ನೋಯುತ್ತದೆ, ದೀರ್ಘ ಇಳಿಜಾರಿನ ಕೊನೆಯಲ್ಲಿ ಪಾದ ಸೋತು ಹಿಮ್ಮಡಿ ಮೇಲೇಳುತ್ತದೆ. ಒದ್ದೆಯಲ್ಲಿ ಹಿಮ್ಮಡಿ ಎದ್ದರೆ ಮುಗಿಯಿತು: ಕೆಳಕ್ಕೆ ಒತ್ತುತ್ತಿದ್ದ ಭಾರ ಹಿಂದಕ್ಕೆ ಎಳೆಯತೊಡಗುತ್ತದೆ. ಎರಡೂ ಕೈಯಲ್ಲಿ ಶೂ ಹಿಡಿದು ಬಗ್ಗಿಸಿ. ಬೆರಳುಗಳ ಬುಡದಲ್ಲಿ ಸ್ವಲ್ಪ ಬಲಕ್ಕೆ ಬಾಗಬೇಕು, ಕಮಾನಿನ ಕೆಳಗೆ ಬಾಗಕೂಡದು. ಒದ್ದೆಗೆ ನಾನು ಒಂದು ಕೂದಲೆಳೆ ಮೆದುವಿನ ಕಡೆಗೇ ವಾಲುತ್ತೇನೆ, ಏಕೆಂದರೆ ಹಿಡಿತ ಬಿಡುತ್ತಿರುವ ಸುಳಿವು ಅಂಗಾಲಿಗೆ ಮೊದಲೇ ಸಿಗುತ್ತದೆ.

ಈಗ ನೀರಿನ ವಿಷಯ, ಎಲ್ಲರೂ ಮೊದಲು ಕೇಳಿದ್ದು. ಗೋರ್‌ಟೆಕ್ಸ್‌ನಂಥ ಜಲನಿರೋಧಕ ಪೊರೆ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತದೆ, ಎದುರಿನಿಂದ ಬಂದ ನೀರನ್ನು ತಡೆಯುತ್ತದೆ. ತೊಂದರೆ ಇರುವುದು ಪೊರೆಯಲ್ಲಲ್ಲ, ಶೂವಿನ ಬಾಯಲ್ಲಿ. ಮುಂದಿನ ಚಕ್ರ ಎರಚುವ ನೀರು ಮೊಣಕಾಲಿಗೆ ಬಡಿದು, ಮೀನಖಂಡದ ಗುಂಟ ಇಳಿದು, ಕಾಲುಚೀಲಕ್ಕೆ ಹೀರಿಕೊಂಡು ನೇರ ಒಳಗೆ ಹೋಗುತ್ತದೆ. ಪಾದದ ಗಂಟಿನವರೆಗೆ ಮುಳುಗುವ ಒಂದು ಹಳ್ಳ ದಾಟಿದರೆ ಕ್ಷಣದಲ್ಲಿ ತುಂಬುತ್ತದೆ. ಒಳಗೆ ಹೋದ ನೀರಿಗೆ ಹೊರಬರುವ ದಾರಿಯನ್ನು ಅದೇ ಪೊರೆ ಮುಚ್ಚಿರುತ್ತದೆ. ಆವಿಯಾಗಿ ಹೋಗುತ್ತದೆ ಎನ್ನುವುದು ಬೆವರಿನ ಮಟ್ಟಿಗೆ ಸರಿ, ಒಂದು ಲೋಟ ನೀರಿಗಲ್ಲ. 100 ಮಿಲಿಲೀಟರ್ ನೀರು ಅಂದರೆ 100 ಗ್ರಾಂ, ಅದನ್ನು ಪ್ರತಿ ಸುತ್ತಿಗೂ ಎತ್ತಿ ಇಳಿಸುತ್ತಿರಬೇಕು. ಅಂಥ ಶೂ ಬಕೆಟ್ಟಿಗಿಂತ ಹೆಚ್ಚೇನಲ್ಲ.

ಹಾಗಾದರೆ ಪೊರೆಯ ಶೂ ಬೇಡವೇ ಬೇಡವೇ? ತಾಪ 5–8 ಡಿಗ್ರಿಯ ಆಸುಪಾಸು, ಹೊಳೆಹಳ್ಳ ಇಲ್ಲ, ನೆಲದ ತೇವ ಮತ್ತು ಸೋನೆಮಳೆ ಮಾತ್ರ, ಮೈಮೇಲೆ ಉದ್ದನೆಯ ಮಳೆಪ್ಯಾಂಟು ಇದೆ ಎಂದರೆ ಅದಕ್ಕಿಂತ ಸುಖವಿಲ್ಲ. ಪಾದದ ಗಂಟಿನ ಮೇಲೆ ಬರುವ ನಿಯೋಪ್ರೀನ್ (ಹಿಗ್ಗುವ ರಬ್ಬರು ಬಟ್ಟೆ) ಪಟ್ಟಿ ಇರುವುದನ್ನೇ ಆರಿಸಿ, ಪ್ಯಾಂಟಿನ ತುದಿ ಆ ಪಟ್ಟಿಯ ಮೇಲೆ ಇಳಿಬಿದ್ದಿರಬೇಕು. ಒಳಗೆ ಸಿಕ್ಕಿಸಿದಿರೋ, ಪ್ಯಾಂಟೇ ನೀರನ್ನು ಶೂವಿಗೆ ಸುರಿಯುವ ಆಲಿಕೆಯಾಗುತ್ತದೆ. ಚಡ್ಡಿ ಹಾಕಿ ಓಡಿಸುವವರಿಗೆ ಪೊರೆಯ ಶೂವಿನಿಂದ ಬಿಡಿಗಾಸಿನ ಲಾಭವಿಲ್ಲ. ಬೆಚ್ಚನೆಯ ಜಡಿಮಳೆಯ ದಿನಗಳಿಗಂತೂ ನೀರು ಬಂದಷ್ಟೇ ಬೇಗ ಹೊರಗೆ ಹರಿಯುವ ಶೂವೇ ಸೈ.

ಹರಿಯುವ ಶೂವನ್ನು ಗುರುತಿಸುವುದು ಹೇಗೆ? ಮೇಲ್ಭಾಗ ಸಿಂಥೆಟಿಕ್ ಆಗಿರಲಿ. ಸ್ವೇಡ್ ತೊಗಲು ನೀರನ್ನು ಕುಡಿದು ಭಾರವಾಗುತ್ತದೆ, ಒಣಗಿದ ಮೇಲೆ ಬಿರುಸಾಗುತ್ತದೆ. ಅಟ್ಟೆಯ ಅಂಚಿಗೆ ತೀರ ಹತ್ತಿರದಲ್ಲಿ, ಪಕ್ಕಗಳಲ್ಲಿ ಜಾಲರಿಯ ಕಿಂಡಿ ಇದ್ದರೆ ಪ್ರತಿ ತುಳಿತಕ್ಕೂ ನೀರು ಅಲ್ಲಿಂದ ಚಿಮ್ಮಿ ಹೋಗುತ್ತದೆ. ಜಾಲರಿ ಬೆರಳಿನ ಮೇಲೆ ಮಾತ್ರ ಇದ್ದರೆ ಅದು ನೀರು ಬರುವ ಬಾಗಿಲೇ ಹೊರತು ಹೋಗುವ ಬಾಗಿಲಲ್ಲ. ಶೂವಿನ ನಾಲಿಗೆ ಮತ್ತು ಕಂಠದಲ್ಲಿ ಸ್ಪಂಜು ಎಷ್ಟು ದಪ್ಪವಿದೆ ನೋಡಿ. ಸ್ಕೇಟ್ ಶೂಗಳ ವಂಶದಿಂದ ಬಂದ ಮಾದರಿಗಳಲ್ಲಿ ಈ ಸ್ಪಂಜು ದಿಂಬಿನಂತಿರುತ್ತದೆ, ಮೂರು ದಿನವಾದರೂ ಒಣಗದು. ನಾಲಿಗೆಯ ಎರಡೂ ಬದಿ ಶೂವಿಗೆ ಹೊಲಿದಿದ್ದರೆ ಮರಳು, ಕಡ್ಡಿ ಒಳಬರುವುದು ತಪ್ಪುತ್ತದೆ. ಒದ್ದೆ ಚರ್ಮಕ್ಕೆ ಮರಳು ಸೇರಿದರೆ ಗುಳ್ಳೆ ಏಳಲು ಅರ್ಧ ಗಂಟೆ ಬೇಡ. ಬೆರಳಿನ ಮುಂಭಾಗದಲ್ಲಿ ಹೊಲಿಗೆಗಿಂತ ಬೆಸೆದ ರಬ್ಬರ್ ಕವಚ ಮೇಲು. ಪ್ರತಿ ಸೂಜಿತೂತೂ ನೀರಿನ ದಾರಿ, ಮೇಲಾಗಿ ಕಲ್ಲಿಗೆ ಉಜ್ಜಿ ಮೊದಲು ಹರಿಯುವುದೂ ಆ ದಾರವೇ.

ಕೈಯಲ್ಲಿರುವ ಶೂ ನೀರಿನ ಜೊತೆ ಹೇಗೆ ನಡೆದುಕೊಳ್ಳುತ್ತದೆ ಎಂದು ಅಡುಗೆಮನೆಯ ತಕ್ಕಡಿಯಲ್ಲೇ ತಿಳಿಯಬಹುದು. ಒಣಗಿರುವಾಗ ಒಂದು ಶೂ ತೂಗಿ. 10 ನಿಮಿಷ ಬಕೆಟ್ಟಿನಲ್ಲಿ ಮುಳುಗಿಸಿ, ಎತ್ತಿ, ಹಿಮ್ಮಡಿ ಕೆಳಗಾಗಿ 10 ನಿಮಿಷ ನೇತುಹಾಕಿ, ಮತ್ತೆ ತೂಗಿ. ಹೆಚ್ಚಿದ ತೂಕ 100 ಗ್ರಾಮಿನ ಒಳಗಿದ್ದರೆ ಒದ್ದೆಗೆ ಹೇಳಿಮಾಡಿಸಿದ್ದು ಎಂದು ನಾನು ಎಣಿಸುತ್ತೇನೆ. 200 ದಾಟಿದರೆ ಅದು ಒಣ ದಿನಗಳ ಶೂ. ಒಳಹಾಸನ್ನು ಬಿಚ್ಚಿ ಬೇರೆಯಾಗಿ ತೂಗಿದರೆ ಕಳ್ಳ ಸಿಕ್ಕಿಬೀಳುವುದೂ ಉಂಟು. ಅಗ್ಗದ, ತೆರೆದ ತೂತುಗಳ ಸ್ಪಂಜಿನ ಒಳಹಾಸು ನೀರನ್ನೆಲ್ಲ ಹೊತ್ತಿರುತ್ತದೆ. ತೂತುಗಳು ಮುಚ್ಚಿರುವ, ನೀರು ಹೀರದ ಇವಿಎ ಎಂಬ ಹಗುರ ನೊರೆಯ ಒಳಹಾಸು ಹಾಕಿ, ಶೂ ಬದಲಾದಂತೆ ಕಾಣುತ್ತದೆ.

ಲೇಸು, ಪಟ್ಟಿ, ಡಯಲ್ ಇವುಗಳ ಬಗ್ಗೆ ಜಗಳವಾಡುವಷ್ಟು ಏನಿಲ್ಲ. ಹತ್ತಿಯ ಲೇಸು ನೆನೆದರೆ ಊದಿ ಗಂಟು ಬಿಚ್ಚಲಾಗದು, ಪಾಲಿಯೆಸ್ಟರಿನದು ಇರಲಿ. ವೆಲ್ಕ್ರೋ ಪಟ್ಟಿಯ ಕೊಕ್ಕೆಗಳಿಗೆ ಕೆಸರು ಕೂತರೆ ಹಿಡಿತ ಸಡಿಲ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದರೆ ಸರಿಹೋಗುತ್ತದೆ. ತಂತಿ ಎಳೆದು ಶೂ ಬಿಗಿಸುವ ಬೋವಾ ಡಯಲನ್ನು ಮರಗಟ್ಟಿದ ಬೆರಳುಗಳೂ ತಿರುಗಿಸಬಲ್ಲವು ಎಂಬುದು ಅದರ ಒಂದೇ ನಿಜವಾದ ಹೆಚ್ಚುಗಾರಿಕೆ. ಲೇಸಿನ ತುದಿಯನ್ನು ಸಿಕ್ಕಿಸುವ ರಬ್ಬರ್ ಪಟ್ಟಿ ಇರಲೇಬೇಕು. ಒದ್ದೆ ಲೇಸು ಬಿಚ್ಚಿ ಚೈನಿಗೆ ಸುತ್ತಿಕೊಂಡರೆ ಆಮೇಲಿನದು ಹೇಳಬೇಕಿಲ್ಲ.

ಅಳತೆಯಲ್ಲಿ ಮಾತ್ರ ಎಡವಬೇಡಿ. ಮಳೆಯ ದಿನ ಹಾಕುವ ಕಾಲುಚೀಲವನ್ನೇ ಹಾಕಿ ಶೂ ನೋಡಿ. ಮೆರಿನೋ ಉಣ್ಣೆಯದು ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ, ಹತ್ತಿ ಒದ್ದೆಯಾದ ಮೇಲೆ ತಣ್ಣನೆಯ ಬಟ್ಟೆ ಸುತ್ತಿದಂತೆ. ಜಲನಿರೋಧಕ ಕಾಲುಚೀಲ ಹಾಕುವವರಿಗೆ ಅರ್ಧ ಅಳತೆ ದೊಡ್ಡದು ಬೇಕಾಗಬಹುದು. ಬಿಗಿಯಾದ ಶೂವಿನಲ್ಲಿ ದಪ್ಪ ಚೀಲ ತುರುಕಿದರೆ ರಕ್ತ ಸಂಚಾರ ಕುಗ್ಗಿ ಬೆರಳು ಇನ್ನಷ್ಟು ತಣ್ಣಗಾಗುತ್ತವೆ. ಆದರೆ ಹಿಮ್ಮಡಿ ಒಳಗೆ ಆಡುವಷ್ಟು ಸಡಿಲವೂ ಆಗಬಾರದು. ಅಟ್ಟೆ ಪಿನ್ನನ್ನು ಗಟ್ಟಿಯಾಗಿ ಹಿಡಿದಿದ್ದು, ಪಾದ ಒದ್ದೆ ಒಳಹಾಸಿನ ಮೇಲೆ ಜಾರುತ್ತಿದ್ದರೆ ಫಲ ಒಂದೇ. ಈ ಒಳಜಾರನ್ನು ಬಹಳ ಮಂದಿ ಅಟ್ಟೆಯ ತಪ್ಪೆಂದು ತಿಳಿಯುತ್ತಾರೆ.

ಬೈಕು ಹೊತ್ತು ನಡೆಯುವುದು ಎಷ್ಟು ಎಂಬುದರ ಮೇಲೂ ಆಯ್ಕೆ ನಿಂತಿದೆ. ಪೆಡಲಿಗೆ ಹೇಳಿಮಾಡಿಸಿದ ಚುಕ್ಕಿಯಟ್ಟೆ ಒದ್ದೆ ಬಂಡೆಯ ಮೇಲೆ ಪರವಾಗಿಲ್ಲ. ಜೇಡಿಮಣ್ಣಿನ ಏರಿನಲ್ಲಿ ಅದಕ್ಕೆ ಕಚ್ಚಲು ಹಲ್ಲೇ ಇಲ್ಲ, ಎರಡು ಹೆಜ್ಜೆ ಮೇಲೆ ಒಂದು ಹೆಜ್ಜೆ ಕೆಳಗೆ. ತುದಿಬೆರಳಿನ ಕೆಳಗೆ ಮತ್ತು ಹಿಮ್ಮಡಿಯಲ್ಲಿ ಆಳದ ಹಲ್ಲು, ಪೆಡಲು ತಾಗುವ ನಡುಭಾಗದಲ್ಲಿ ಚಪ್ಪಟೆ ಚುಕ್ಕಿ ಇರುವ ಅಟ್ಟೆ ಒಳ್ಳೆಯ ರಾಜಿ. ಕೊಳ್ಳುವಾಗ ಆ ಚಪ್ಪಟೆ ಭಾಗ ಎಷ್ಟು ಉದ್ದವಿದೆ ಎಂದು ಅಳೆಯಿರಿ. ಕೆಲವರು ಪಾದದ ಉಬ್ಬನ್ನು ಪೆಡಲಿನ ನಡುವಿನ ಅಕ್ಷದ ಮೇಲಿಡುತ್ತಾರೆ, ಇಳಿಜಾರಿನವರು ಒಂದೆರಡು ಸೆಂಟಿಮೀಟರ್ ಮುಂದಕ್ಕೆ ತಳ್ಳಿ ಕಮಾನಿನ ಹತ್ತಿರ ಇಟ್ಟು ನಿಲ್ಲುತ್ತಾರೆ. ಎರಡನೆಯವರ ಪೆಡಲು ಹಲ್ಲಿನ ಸಾಲಿಗೆ ತಾಗಿದರೆ ರಾಜಿ ಮುರಿದಂತೆ. ಹಾವಸೆಗಟ್ಟಿದ ಬೇರಿನ ಮೇಲೆ ಮಾತ್ರ ಯಾವ ಅಟ್ಟೆಯೂ ನಿಲ್ಲುವುದಿಲ್ಲ, ಅದನ್ನು ದಾಟಿ ಹೆಜ್ಜೆ ಇಡಬೇಕು.

ಹೊಸ ಶೂ ಮೊದಲ ಮಳೆಯಲ್ಲೇ ಜಾರಿದರೆ ಬೈದು ಮೂಲೆಗೆ ಎಸೆಯುವ ಮೊದಲು ಅಟ್ಟೆ ತೊಳೆಯಿರಿ. ಅಚ್ಚಿನಿಂದ ರಬ್ಬರು ಬಿಡಲೆಂದು ಹಾಕಿದ ಜಿಡ್ಡು ಹೊಸ ಅಟ್ಟೆಯ ಮೇಲೆ ಹೊಳಪಾಗಿ ಉಳಿದಿರುತ್ತದೆ. ಪಾತ್ರೆ ತೊಳೆಯುವ ಸೋಪು, ಬೆಚ್ಚನೆಯ ನೀರು, ಗಟ್ಟಿ ಬ್ರಷ್ಷು, ಎರಡು ಸಲ ಉಜ್ಜಿದರೆ ಹೊಳಪು ಹೋಗಿ ಮಬ್ಬು ಕಪ್ಪು ಕಾಣುತ್ತದೆ. ಚೈನಿಗೆ ಎಣ್ಣೆ ಸಿಂಪಡಿಸುವಾಗ, ಬೈಕಿಗೆ ಸಿಲಿಕಾನ್ ಹೊಳಪು ಹಚ್ಚುವಾಗ ಪೆಡಲಿಗೆ ಬಟ್ಟೆ ಮುಚ್ಚಿ. ಶೂವಿನ ಮೇಲ್ಭಾಗಕ್ಕೆ ನೀರು ನಿಲ್ಲದಂತೆ ಮಾಡುವ ಸ್ಪ್ರೇ ಹೊಡೆಯುವಾಗ ಅಟ್ಟೆಯ ಸುತ್ತ ಮರೆಮಾಡುವ ಟೇಪು ಅಂಟಿಸಿ. ಆ ಸ್ಪ್ರೇ ಅಟ್ಟೆಗೂ ಬಿದ್ದರೆ ಜಾರುವ ಕೆಲಸವನ್ನು ನಾವೇ ಮಾಡಿಕೊಂಡಂತೆ.

ಒದ್ದೆಯಲ್ಲಿ ಅಟ್ಟೆ ಬೇಗ ಸವೆಯುತ್ತದೆ, ಅದು ಭ್ರಮೆಯಲ್ಲ. ನೀರು ಸವರಿದ ಚಾಕು ರಬ್ಬರನ್ನು ಸುಲಭವಾಗಿ ಕೊಯ್ಯುತ್ತದೆ, ನೀರು ಸವರಿದ ಪಿನ್ನೂ ಅಷ್ಟೆ. ಪಾದವನ್ನು ಪಿನ್ನಿನ ಮೇಲೇ ತಿರುಚಿ ಸರಿಸುವ ಅಭ್ಯಾಸವಿದ್ದರೆ ಚುಕ್ಕಿಗಳು ಕಿತ್ತುಬರುತ್ತವೆ. ಎತ್ತಿ ಇಟ್ಟರೆ ಬಾಳಿಕೆ ಹೆಚ್ಚು. ಕುಳಿಯ ತಳದಲ್ಲಿ ನಡುಪದರದ ಬಣ್ಣದ ಇವಿಎ ಇಣುಕಿದ ದಿನ ಆ ಅಟ್ಟೆಯ ಆಯುಸ್ಸು ಮುಗಿಯಿತು, ಪಿನ್ನಿಗೆ ಅಲ್ಲಿ ಹಿಡಿಯಲು ಏನೂ ಇಲ್ಲ. ಮೇಲ್ಭಾಗ ಗಟ್ಟಿಯಾಗಿದ್ದರೆ ಬಂಡೆ ಹತ್ತುವ ಶೂಗಳಿಗೆ ಹೊಸ ರಬ್ಬರು ಹಾಕುವ ಕುಶಲಿಗರು ಇದಕ್ಕೂ ಹಾಕಿಕೊಡಬಲ್ಲರು.

ಒಣಗಿಸುವಾಗ ಅವಸರ ಬೇಡ. ಮೊದಲು ಕೆಸರು ತೊಳೆಯಿರಿ, ಒಣಗಿದ ಜೇಡಿ ಮೇಲ್ಭಾಗದ ಎಳೆಗಳನ್ನು ಅರದಂತೆ ಉಜ್ಜುತ್ತದೆ. ಲೇಸು ಸಡಿಲಿಸಿ, ಒಳಹಾಸು ಹೊರತೆಗೆದು, ಹಳೆಯ ಪತ್ರಿಕೆ ಮುದುಡಿ ತುರುಕಿ. ಮೊದಲ ಸಲ ಒಂದು ಗಂಟೆಗೇ ಬದಲಿಸಿ, ಆಮೇಲೆ ಮೂರು ಗಂಟೆಗೊಮ್ಮೆ. ಫ್ಯಾನಿನ ಗಾಳಿ ಒಳ್ಳೆಯದು. ಹೀಟರು, ಒಲೆಯ ಪಕ್ಕ, ನಡುಹಗಲ ಬಿಸಿಲಿಗೆ ಕಾದ ಕಾರಿನ ಒಳಗೆ, ಇವು ಅಟ್ಟೆ ಅಂಟಿಸಿದ ಗೋಂದನ್ನು ಸಡಿಲಿಸುತ್ತವೆ. ಮೊದಲು ಬಿಚ್ಚಿಕೊಳ್ಳುವುದು ಬೆರಳಿನ ತುದಿ. ಅಲ್ಲಿ ಉಗುರು ತೂರುವಷ್ಟು ಬಾಯಿಬಿಟ್ಟಾಗಲೇ ಸಂದಿಯನ್ನು ತೊಳೆದು, ಪೂರ್ತಿ ಒಣಗಿಸಿ, ಮರಳುಕಾಗದದಿಂದ ಉಜ್ಜಿ, ಬಾಗುವ ಗುಣದ ಯುರೇಥೇನ್ ಗೋಂದು ಹಚ್ಚಿ, ಬಿಗಿಯಾಗಿ ಕಟ್ಟಿ 24 ಗಂಟೆ ಬಿಟ್ಟರೆ ಎಷ್ಟೋ ದಿನ ತಡೆಯುತ್ತದೆ. ಕ್ಷಣದಲ್ಲಿ ಅಂಟುವ ಸೂಪರ್ ಗ್ಲೂ ಹಾಕಬೇಡಿ, ಗಾಜಿನಂತೆ ಗಟ್ಟಿಯಾಗಿ ಮೊದಲ ಬಾಗಿಗೇ ಸೀಳುತ್ತದೆ.

ದಿನವೂ ಮಳೆಯಲ್ಲಿ ಓಡಿಸುವವರಿಗೆ ಎರಡನೆಯ ಜೊತೆ ಶೂ ಇದ್ದರೆ ಸರಿಯೇ. ಇಲ್ಲದಿದ್ದರೆ ಎರಡನೆಯ ಜೊತೆ ಒಳಹಾಸನ್ನಾದರೂ ಇಟ್ಟುಕೊಳ್ಳಿ. ಜಾಲರಿಯ ಶೂ ಬೆಳಗಾಗುವಷ್ಟರಲ್ಲಿ ಮುಕ್ಕಾಲು ಒಣಗಿರುತ್ತದೆ, ಹಸಿಯಾಗಿ ಉಳಿಯುವುದು, ನಾರುವುದು, ಮರುದಿನ ಪಾದವನ್ನು ಮೊದಲ ಹೆಜ್ಜೆಗೇ ತಣ್ಣಗಾಗಿಸುವುದು ಆ ತೆಳ್ಳನೆಯ ಹಾಸೇ.